ಅಂಬಾಸಿಡರ್ ಕಾರಿನ ಮೂತಿ ತಗ್ಗುವುದೇಕೆ?

ಪ್ರಶ್ನೆ: ಹಳೆಯ ಅಂಬಾಸಿಡರ್‌ಗೆ ಬೇರೆ ಎಂಜಿನ್ ಕೂರಿಸಿದ ಮೇಲೆ ಮುಂಭಾಗ ಕುಸಿಯುವುದೇಕೆ?

ಉತ್ತರ: ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್‌ನಿಂದ ರೂಪುಗೊಂಡ ಈ ಕಾರಿನ ಮುಂಭಾಗವನ್ನು ಹೊರುವುದು ಟಾರ್ಷನ್ ಬಾರ್, ಅಂದರೆ ಒಂದು ತುದಿ ಚಕ್ರದ ಕೆಳತೋಳಿಗೂ ಇನ್ನೊಂದು ತುದಿ ಕಾರಿನ ತಳಕ್ಕೂ ಬಿಗಿದಿದ್ದು, ಚಕ್ರ ಮೇಲೆದ್ದಾಗ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುವ ಉದ್ದನೆಯ ಉಕ್ಕಿನ ಸರಳು. ದಶಕಗಳ ಭಾರಕ್ಕೆ ಈ ಸರಳು ತಿರುಚಿದ ಸ್ಥಿತಿಗೇ ಒಗ್ಗಿಹೋಗಿರುವಾಗ, 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಅದಕ್ಕಿಂತ ಭಾರವಾದ ಡೀಸೆಲ್ ಎಂಜಿನ್ ಬಂದರೆ ಮೂತಿ ತಗ್ಗದೆ ಇರದು. ಸರಳಿನ ಹಿಂತುದಿಯ ಹಿಡಿತವನ್ನು ತುಸು ತಿರುಗಿಸಿ ಬಿಗಿದು, ಸವೆದ ರಬ್ಬರ್ ಬುಷ್‌ಗಳನ್ನೂ ಬದಲಿಸಿದರೆ ಎತ್ತರ ಬಹುಮಟ್ಟಿಗೆ ಮರಳುತ್ತದೆ; ಆದರೆ ಎಡಬಲದ ಸರಳುಗಳನ್ನು ಅದಲುಬದಲು ಮಾಡಲೇಬಾರದು, ಏಕೆಂದರೆ ಒಂದು ದಿಕ್ಕಿಗೆ ಒಗ್ಗಿದ ಉಕ್ಕು ವಿರುದ್ಧ ದಿಕ್ಕಿನ ತಿರುಚನ್ನು ತಾಳದೆ ಮುರಿಯಬಹುದು. ಎಂಜಿನ್ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯಂತೆ ಆರ್‌ಟಿಓ ಒಪ್ಪಿಗೆಯೂ ಬೇಕು.