‘ಸದ್ಯ, ಏನೂ ಆಗಲಿಲ್ಲ’ ಎಂದು ಸುಮ್ಮನಾಗದ ಸುರಂಗ

ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದ ಕೆಳಗೆ ಎಂಜಿನಿಯರುಗಳು ‘ಸೂಜಿಕಣ್ಣು’ ಎಂದು ಕರೆದ ಒಂದು ಜಾಗವಿದೆ. ಕ್ರಾಸ್‌ರೈಲ್ ಯೋಜನೆಯ ಸುರಂಗ ಕೊರೆಯುವ ಯಂತ್ರ ಅಲ್ಲಿ ಹಾದುಹೋದಾಗ, ಅದಕ್ಕೂ ಕೆಳಗಿದ್ದ ನಾರ್ದರ್ನ್ ಲೈನ್ ಸುರಂಗಕ್ಕೂ ನಡುವೆ ಒಂದು ಮೀಟರ್ ಮಣ್ಣೂ ಇರಲಿಲ್ಲ. ಮೇಲೆ ಎಸ್ಕಲೇಟರ್‌ನ ಬುಡ ಅದಕ್ಕಿಂತಲೂ ಹತ್ತಿರದಲ್ಲಿತ್ತು. ಸಾವಿರ ಟನ್ ತೂಕದ, ನೂರು ಮೀಟರಿಗಿಂತ ಉದ್ದದ ಯಂತ್ರವೊಂದು ಊರಿನ ಕರುಳಿನೊಳಗೆ ಹೀಗೆ ನುಸುಳಿ ಆಚೆ ಬಂತು. ಇದನ್ನು ಯಂತ್ರದ ಜಾಣ್ಮೆ ಎಂದು ಹೊಗಳಿದವರು ಬಹಳ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು ಆ ಯೋಜನೆಯಲ್ಲಿ ದುಡಿದವರ ಜೀವ ಕಾಯಲು ಅಲ್ಲಿ ಕಟ್ಟಿದ ಇನ್ನೊಂದು ವ್ಯವಸ್ಥೆ. ಪೈಪೋಟಿಯ ಕಂಪನಿಗಳನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿದ ಆ ವ್ಯವಸ್ಥೆಯ ಪರಿಚಯ ಇದು.

ಕ್ರಾಸ್‌ರೈಲ್ ಎಂದರೆ ಈಗಿನ ಎಲಿಜಬೆತ್ ಲೈನ್. 2009ರಲ್ಲಿ ಕೆಲಸ ಶುರುವಾಯಿತು. 2012ರಿಂದ 2015ರವರೆಗೆ ಎಂಟು ಯಂತ್ರಗಳು ನಗರದ ಅಡಿಯಲ್ಲಿ 42 ಕಿಲೋಮೀಟರ್ ಸುರಂಗ ಕೊರೆದವು. 2022ರ ಮೇ 24ರಂದು ರೈಲು ಓಡಿತು. ಕೆಲಸ ಜೋರಾಗಿದ್ದ ದಿನಗಳಲ್ಲಿ ನಲವತ್ತಕ್ಕೂ ಹೆಚ್ಚು ಜಾಗಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ದುಡಿಯುತ್ತಿದ್ದರು. ಎಲ್ಲವೂ ಒಬ್ಬ ಗುತ್ತಿಗೆದಾರನ ಕೈಯಲ್ಲಿರಲಿಲ್ಲ. ಪೂರ್ವದ ಸುರಂಗ ಒಬ್ಬರದು, ಪಶ್ಚಿಮದ್ದು ಇನ್ನೊಬ್ಬರದು, ಥೇಮ್ಸ್ ನದಿಯಡಿಯದ್ದು ಮತ್ತೊಬ್ಬರದು. ಸ್ಪೇನ್, ಐರ್ಲೆಂಡ್, ಜರ್ಮನಿ, ಫ್ರಾನ್ಸ್, ಸ್ವೀಡನ್ ಮೂಲದ ಕಂಪನಿಗಳು ಬ್ರಿಟನ್ನಿನ ಕಂಪನಿಗಳ ಜೊತೆ ಕೂಡಿ ಕೆಲಸ ಹಿಡಿದಿದ್ದವು. ಒಬ್ಬೊಬ್ಬರದು ಒಂದೊಂದು ರೂಢಿ, ಒಂದೊಂದು ನಿಯಮದ ಪುಸ್ತಕ. ಇಂದು ಇಲ್ಲಿ ಸಂಗಾತಿಗಳಾದವರು ನಾಳೆ ಇನ್ನೊಂದು ಟೆಂಡರಿನಲ್ಲಿ ಎದುರಾಳಿಗಳು.

ಕಟ್ಟಡದ ಕೆಲಸ ಹತ್ತಿರದಿಂದ ನೋಡಿದವರಿಗೆಲ್ಲ ಒಂದು ಮಾತು ಗೊತ್ತಿರುತ್ತದೆ: ‘ಸದ್ಯ, ಏನೂ ಆಗಲಿಲ್ಲ.’ ಮೇಲಿನಿಂದ ಸ್ಪ್ಯಾನರ್ ಬಿದ್ದು ಕಾಲ ಬಳಿ ನೆಲಕ್ಕೆ ಬಡಿಯುತ್ತದೆ. ಕ್ರೇನಿನ ಸರಪಳಿ ಜಾರಿ ಭಾರ ಒಮ್ಮೆ ತೂಗಾಡಿ ನಿಲ್ಲುತ್ತದೆ. ಸುತ್ತಲಿದ್ದವರು ಎದೆ ಮುಟ್ಟಿಕೊಂಡು ಆ ಮಾತು ಹೇಳಿ ಮತ್ತೆ ಕೆಲಸಕ್ಕಿಳಿಯುತ್ತಾರೆ. ಮೇಸ್ತ್ರಿಗೆ ಹೇಳಿದರೆ ಬೈಗುಳ, ಮೇಸ್ತ್ರಿ ಮೇಲಿನವರಿಗೆ ಹೇಳಿದರೆ ಕಂಪನಿಗೆ ಕೆಟ್ಟ ಹೆಸರು. ಅದೇ ಸರಪಳಿ, ಅದೇ ತಪ್ಪು ಕೊಕ್ಕೆ, ಮರುವಾರ ಎರಡು ಮೈಲಿ ಆಚೆ ಇನ್ನೊಬ್ಬ ಗುತ್ತಿಗೆದಾರನ ಜಾಗದಲ್ಲಿ ಒಬ್ಬನ ಮೇಲೆ ಬೀಳುತ್ತದೆ.

ಕ್ರಾಸ್‌ರೈಲ್ ಕೈಹಾಕಿದ್ದು ಈ ಮೌನಕ್ಕೆ. ಸುರಕ್ಷತೆಯನ್ನು ಅಳೆಯಲು ಅಲ್ಲೊಂದು ಸೂಚ್ಯಂಕ ಮಾಡಿದರು. ಸಾಮಾನ್ಯವಾಗಿ ಕಂಪನಿಗಳು ಎಣಿಸುವುದು ಆಗಿಹೋದ ಅಪಘಾತಗಳನ್ನು. ಅದು ಜ್ವರ ಬಿಟ್ಟ ಮೇಲೆ ಮೈ ಮುಟ್ಟಿ ನೋಡಿದಂತೆ. ಈ ಸೂಚ್ಯಂಕ ಅಪಘಾತಕ್ಕೆ ಮುಂಚೆ ನಡೆಯುವ ಕೆಲಸಗಳಿಗೂ ಅಂಕ ಕೊಟ್ಟಿತು. ಕೂದಲೆಳೆಯಲ್ಲಿ ತಪ್ಪಿದ್ದನ್ನು ವರದಿ ಮಾಡುವುದು ಅಲ್ಲಿ ಕಪ್ಪುಚುಕ್ಕೆಯಾಗಿ ಉಳಿಯಲಿಲ್ಲ, ಕಣ್ಣು ತೆರೆದಿದೆ ಎಂಬುದರ ಗುರುತಾಯಿತು. ಮುಖ್ಯ ಗುತ್ತಿಗೆದಾರರ ಅಂಕಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟರು. ತನ್ನ ಹೆಸರು ಕೆಳಗಿದ್ದರೆ ಯಾವ ಕಂಪನಿಯ ಹಿರಿಯನಿಗೂ ಮುಜುಗರವೇ. ಆದರೆ ಮೇಲಿದ್ದವನು ಹೇಗೆ ಮಾಡಿದ ಎಂದು ಕೇಳಲು, ಅವನ ಜಾಗಕ್ಕೇ ಹೋಗಿ ನೋಡಿಬರಲು ದಾರಿಯೂ ಅಲ್ಲಿತ್ತು. ಪೈಪೋಟಿಯನ್ನು ಕಲಿಕೆಗೆ ತಿರುಗಿಸಿದ ಈ ಉಪಾಯ ಇಡೀ ಯೋಜನೆಯ ಅತಿ ಬೆಲೆಯುಳ್ಳ ಕೆಲಸ ಎಂದೇ ನಾನು ತಿಳಿಯುತ್ತೇನೆ.

ಎಲ್ಲರಿಗೂ ಒಂದೇ ಪಾಠವೂ ಬೇಕಿತ್ತು. ಅದಕ್ಕಾಗಿ 2011ರಲ್ಲಿ ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿ ಸುರಂಗ ಕೆಲಸದ ಶಾಲೆಯೊಂದನ್ನೇ ತೆರೆದರು. ಯಾವ ಕಂಪನಿಯ ಸಂಬಳ ಪಡೆದರೂ, ನೆಲದಡಿ ಇಳಿಯುವವನಿಗೆ ಸುರಂಗ ಸುರಕ್ಷತೆಯ ತರಬೇತಿ ಮುಗಿಸಿದ ಕಾರ್ಡು ಬೇಕಾಗಿತ್ತು. ಹೊಗೆ ತುಂಬಿದರೆ ಏನು ಮಾಡಬೇಕು, ಉಸಿರಾಟದ ಸಾಧನ ಹೇಗೆ ಕಟ್ಟಿಕೊಳ್ಳಬೇಕು, ರೈಲು ಗಾಡಿ ಬರುವಾಗ ಎಲ್ಲಿ ನಿಲ್ಲಬೇಕು ಎಂಬುದು ಕಂಪನಿಗೊಂದರಂತೆ ಇದ್ದರೆ ಕತ್ತಲಲ್ಲಿ ಗೊಂದಲವೇ ಗತಿ.

ಸಹಕಾರದ ಫಲ ಸುರಂಗದಿಂದ ಹೊರಗೂ ಬಂದದ್ದು ಲಾರಿಗಳಲ್ಲಿ. ಕಟ್ಟಡ ಸಾಮಗ್ರಿ, ಮಣ್ಣು ಸಾಗಿಸುವ ಲಾರಿಗಳು ಲಂಡನ್ನಿನ ಇಕ್ಕಟ್ಟಿನ ರಸ್ತೆಗಳಲ್ಲಿ ಎಡಕ್ಕೆ ತಿರುಗುವಾಗ ಪಕ್ಕದ ಸೈಕಲ್ ಸವಾರರನ್ನು ಅಡಿಗೆ ಹಾಕಿಕೊಳ್ಳುವುದು ಅಲ್ಲಿನ ಹಳೆಯ ನೋವು. ನಮ್ಮಲ್ಲಿಯಂತೆ ಅಲ್ಲೂ ಚಾಲಕ ಕೂರುವುದು ಬಲಕ್ಕೆ. ಎತ್ತರದ ಕ್ಯಾಬಿನ್ನಿನ ಎಡಬಾಗಿಲ ಕೆಳಗೆ ನಿಂತವನು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಕ್ರಾಸ್‌ರೈಲ್ ತನ್ನ ಗೇಟಿಗೆ ಬರುವ ಲಾರಿಗಳಿಗೆ ಷರತ್ತು ಹಾಕಿತು. ಚಕ್ರಗಳ ನಡುವೆ ಯಾರೂ ಜಾರಿ ಬೀಳದಂತೆ ಪಕ್ಕದಲ್ಲಿ ತಡೆಕಂಬಿ, ಹತ್ತಿರ ಯಾರಾದರೂ ಬಂದರೆ ಸದ್ದು ಮಾಡುವ ಸಂವೇದಕ, ಎಡಬಾಗಿಲ ಗಾಜಿಗೆ ಅಂಟಿಸುವ ಒಂದು ತೆಳು ಪ್ಲಾಸ್ಟಿಕ್ ಮಸೂರ ಇರಬೇಕು.  ಆ ಮಸೂರದ ಮೇಲೆ ಉಂಗುರದೊಳಗೆ ಉಂಗುರದಂತೆ ಸಣ್ಣ ಗೀರುಗಳು. ಅದರ ಮೂಲಕ ನೋಡಿದರೆ, ಇಲ್ಲವೆಂದುಕೊಂಡ ಜಾಗದಲ್ಲಿ ಒಂದು ಹೆಲ್ಮೆಟ್, ಒಂದು ಭುಜ ಕಾಣುತ್ತದೆ. ಅದು ದುಬಾರಿ ವಸ್ತುವೇನೂ ಅಲ್ಲ. ಚಾಲಕರು ಕೂಡ ತರಗತಿಗೆ ಕೂತು ತರಬೇತಿ ಪಡೆದೇ ಬರಬೇಕಿತ್ತು. ಷರತ್ತು ಪಾಲಿಸದ ಲಾರಿಗೆ ಗೇಟು ತೆರೆಯುತ್ತಿರಲಿಲ್ಲ.

ಒಂದೇ ಯೋಜನೆಯ ಷರತ್ತು ಊರಿಗೆಲ್ಲ ಸಾಲದು. ಅದೇ ಲಾರಿ ನಾಳೆ ಬೇರೆ ಕಟ್ಟಡಕ್ಕೆ ಹೋಗುತ್ತದೆ. ಹಾಗಾಗಿ 2013ರಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆ ಮತ್ತು ಕಟ್ಟಡ ಉದ್ಯಮ ಕೂಡಿ ‘ಕ್ಲಾಕ್ಸ್’ ಎಂಬ ಸಾಮಾನ್ಯ ಮಾನದಂಡ ತಂದವು. 2021ರಿಂದ, ಚಾಲಕನಿಗೆ ನೇರವಾಗಿ ಎಷ್ಟು ಕಾಣುತ್ತದೆ ಎಂಬುದರ ಮೇಲೆಯೇ ಭಾರಿ ಲಾರಿಗಳಿಗೆ ನಗರ ಪ್ರವೇಶದ ಪರವಾನಗಿ ಕೊಡುವ ಪದ್ಧತಿ ಬಂತು. ಇಷ್ಟಾದರೂ ಯೋಜನೆಯ ಕೆಲಸಕ್ಕಿದ್ದ ಲಾರಿಗೆ ಸಿಕ್ಕಿ ಸೈಕಲ್ ಸವಾರರು ಸತ್ತದ್ದುಂಟು. ಅದನ್ನು ಮುಚ್ಚಿಟ್ಟು ಈ ವ್ಯವಸ್ಥೆಯನ್ನು ಹೊಗಳುವುದು ಸತ್ತವರಿಗೆ ಮಾಡುವ ಅನ್ಯಾಯ.

ಸುರಂಗದೊಳಗಿನ ಸಾವಿನ ಕತೆಯನ್ನೂ ಹೇಳಲೇಬೇಕು. 2014ರ ಮಾರ್ಚ್ 7ರಂದು ಹೋಬರ್ನ್ ಬಳಿಯ ಫಿಷರ್ ಸ್ಟ್ರೀಟ್‌ನಲ್ಲಿ ಸ್ಲೊವಾಕಿಯಾದಿಂದ ಬಂದಿದ್ದ ಕಾರ್ಮಿಕರೊಬ್ಬರು ತೀರಿಕೊಂಡರು. ಅಲ್ಲಿ ಮೊದಲೇ ಕೊರೆದಿದ್ದ ಸುರಂಗವನ್ನು ಅಗಲಿಸಿ, ಕೊಳವೆಯಿಂದ ಕಾಂಕ್ರೀಟ್ ಸಿಂಪಡಿಸಿ ಚಾವಣಿ ಗಟ್ಟಿಗೊಳಿಸುವ ಕೆಲಸ ನಡೆದಿತ್ತು. ಚಾವಣಿಗೆ ಗಿಲಾವು ಮಾಡಿದ ಗಾರೆಯವರನ್ನು ಕೇಳಿ ನೋಡಿ, ಹಸಿ ಗಾರೆ ಹಿಡಿದುಕೊಳ್ಳುವ ಮುನ್ನ ಎಂಥ ಮೋಸ ಮಾಡುತ್ತದೆಂದು ಹೇಳುತ್ತಾರೆ. ಇಲ್ಲಿ ಬಿದ್ದದ್ದು ಹೆಚ್ಚುಕಡಿಮೆ ಒಂದು ಟನ್ ಹಸಿ ಕಾಂಕ್ರೀಟ್. ಹೊಸದಾಗಿ ಸಿಂಪಡಿಸಿದ ಭಾಗದ ಕೆಳಗೆ ಯಾರೂ ಕಾಲಿಡಬಾರದು ಎಂಬ ನಿಯಮ ಕಾಗದದ ಮೇಲಿತ್ತು. ಆ ಗಡಿಯನ್ನು ಸರಿಯಾಗಿ ಕಾಯುವ ಏರ್ಪಾಟು ಸ್ಥಳದಲ್ಲಿ ಇರಲಿಲ್ಲ. ಮರಣ ವಿಚಾರಣೆಯಲ್ಲಿ ಭಾಷೆಯ ಪ್ರಶ್ನೆಯೂ ಎದ್ದಿತು: ಹೊರದೇಶದಿಂದ ಬಂದ ಆ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಕೊಟ್ಟ ಎಚ್ಚರಿಕೆ ಎಷ್ಟು ತಲುಪಿತ್ತು?

ಆ ಜಾಗದ ಗುತ್ತಿಗೆ ಬಿಎಫ್‌ಕೆ ಎಂಬ ಮೂರು ಕಂಪನಿಗಳ ಒಕ್ಕೂಟದ್ದು. 2015ರ ಜನವರಿಯಲ್ಲಿ ಅದೇ ಒಕ್ಕೂಟದ ಕೆಲಸದಲ್ಲಿ ಇನ್ನಿಬ್ಬರು ಗಾಯಗೊಂಡರು. ಒಕ್ಕೂಟ ತಪ್ಪೊಪ್ಪಿಕೊಂಡಿತು. 2017ರಲ್ಲಿ ನ್ಯಾಯಾಲಯ ಹತ್ತು ಲಕ್ಷ ಪೌಂಡಿಗೂ ಹೆಚ್ಚು ದಂಡ ಹಾಕಿತು. ಸೂಚ್ಯಂಕ, ಶಾಲೆ, ಸಭೆ ಎಲ್ಲ ಇದ್ದೂ ನೆಲದ ಮೇಲಿನ ಒಂದು ಗೆರೆ ಕಾಯುವವನಿಲ್ಲದೆ ಹೋಯಿತು. ಎಲ್ಲರಿಗೂ ಗೊತ್ತಿದ್ದ ಗೆರೆ ಅದು. ಇಂಥವನೇ ಇಲ್ಲಿ ನಿಂತು ಕಾಯಬೇಕು ಎಂದು ಹೆಸರು ಹಿಡಿದು ಹೇಳದ ನಿಯಮ ಯಾರನ್ನೂ ಉಳಿಸುವುದಿಲ್ಲ.

ಈ ಕತೆ ಓದುವಾಗ ನನಗೆ ನಾಗವಾರ ನೆನಪಾಗದೆ ಇರಲಿಲ್ಲ. 2023ರ ಜನವರಿ 10ರಂದು ಬೆಂಗಳೂರಿನ ಆ ಭಾಗದಲ್ಲಿ ನಮ್ಮ ಮೆಟ್ರೊ ಪಿಲ್ಲರಿಗೆಂದು ಎತ್ತರಕ್ಕೆ ಕಟ್ಟಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಹಂದರ ವಾಲಿ ದ್ವಿಚಕ್ರ ವಾಹನದ ಮೇಲೆ ಬಿತ್ತು. ತಾಯಿ ಮತ್ತು ಪುಟ್ಟ ಮಗ ಸತ್ತರು. ಹೆಲ್ಮೆಟ್ ಹಾಕಿ ಸೈಟಿನೊಳಗೆ ದುಡಿಯುವವರಷ್ಟೇ ಅಲ್ಲ, ಕೆಲಸಕ್ಕೆ, ಶಾಲೆಗೆ ಹೊರಟ ನಾವೆಲ್ಲರೂ ಆ ಕಾಮಗಾರಿಯ ಅಡಿಯಲ್ಲೇ ಓಡಾಡುವವರು. ಇಲ್ಲೂ ಹಳದಿ, ನೀಲಿ, ಗುಲಾಬಿ ಎಂದು ಒಂದೊಂದು ಮಾರ್ಗ, ಒಂದೊಂದು ತುಂಡು ಒಬ್ಬೊಬ್ಬ ಗುತ್ತಿಗೆದಾರನಿಗೆ. ಸುರಂಗದಲ್ಲೂ ಕಂಬದ ಮೇಲೂ ದುಡಿಯುವವರಲ್ಲಿ ಬಹಳ ಮಂದಿ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದಿಂದ ಬಂದವರು. ಫಿಷರ್ ಸ್ಟ್ರೀಟ್‌ನ ಭಾಷೆಯ ಪ್ರಶ್ನೆ ಅವರಿಗೂ ಅಷ್ಟೇ ಸಲ್ಲುತ್ತದೆ.

ಕ್ರಾಸ್‌ರೈಲ್ ಕೆಲಸ ಮುಗಿಯುವ ಮುನ್ನವೇ ತಾನು ಕಲಿತದ್ದನ್ನು, ಸುರಕ್ಷತೆಯ ಬರಹಗಳನ್ನೂ ಸೇರಿಸಿ, ಯಾರು ಬೇಕಾದರೂ ದುಡ್ಡಿಲ್ಲದೆ ಓದುವಂತೆ ಹೊರಗಿಟ್ಟಿತು. ನಮ್ಮ ಮೆಟ್ರೊದ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಎರಡೇ. ಒಂದು ಮಾರ್ಗದಲ್ಲಿ ‘ಸದ್ಯ, ಏನೂ ಆಗಲಿಲ್ಲ’ ಎಂದು ಉಸಿರುಬಿಟ್ಟ ಪ್ರತಿ ಘಟನೆಯೂ ವಾರದೊಳಗೆ ಉಳಿದೆಲ್ಲ ಗುತ್ತಿಗೆದಾರರ ಮೇಸ್ತ್ರಿಗಳಿಗೆ ಗೊತ್ತಾಗಲಿ. ಮತ್ತು ಅದು ಕನ್ನಡದಲ್ಲಿ, ಹಿಂದಿಯಲ್ಲಿ, ಬಂಗಾಳಿಯಲ್ಲಿ, ಒಡಿಯಾದಲ್ಲಿ ಗೊತ್ತಾಗಲಿ.