ಅಪ್‌ಡೇಟ್ ಆದ ಮೇಲೆ ಬ್ರೌಸರು ಕೆಡುವುದೇಕೆ?

ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಬ್ರೌಸರು ಇಂದು ಬೆಳಗ್ಗೆ ತನ್ನಷ್ಟಕ್ಕೆ ತಾನೇ ಹೊಸ ಆವೃತ್ತಿಗೆ ಏರಿದೆ. ಅದರ ಬೆನ್ನಿಗೇ ತೊಂದರೆಯೂ ಬಂದಿದೆ. ಒಂದು ತಾಣದಲ್ಲಿ ಲಾಗಿನ್ ಆಗುವುದಿಲ್ಲ. ಇನ್ನೊಂದರ ಪುಟ ಬರಿದಾಗಿ ಬೆಳ್ಳಗೆ ನಿಲ್ಲುತ್ತದೆ. ವರ್ಷಗಳಿಂದ ಕೂಡಿಟ್ಟ ಬುಕ್‌ಮಾರ್ಕುಗಳು ಕಾಣಿಸುವುದಿಲ್ಲ. ಪರೀಕ್ಷೆಯ ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನವಾಗಿದ್ದರಂತೂ ವಿದ್ಯಾರ್ಥಿಯ ಪಾಡು ಹೇಳತೀರದು. ಇಂತಹ ಹೊತ್ತಿನಲ್ಲಿ ಜನರು ಸಾಮಾನ್ಯವಾಗಿ ಮಾಡುವ ಕೆಲಸಗಳು ಎರಡು. ಬ್ರೌಸರನ್ನು ಪೂರ್ತಿಯಾಗಿ ತೆಗೆದುಹಾಕಿ ಮತ್ತೆ ಸ್ಥಾಪಿಸುವುದು ಒಂದು. ಎಲ್ಲಿಂದಲೋ ಹಳೆಯ ಆವೃತ್ತಿಯನ್ನು ತಂದು ಹಾಕಿಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಅನೇಕ ವೇಳೆ ಯಾವ ಪ್ರಯೋಜನವೂ ಆಗುವುದಿಲ್ಲ. ಎರಡನೆಯದರಿಂದ ಹಾನಿಯೇ ಆಗಬಹುದು. ಇದರ ಕಾರಣವನ್ನು ತಿಳಿಯಬೇಕಾದರೆ, ಅಪ್‌ಡೇಟ್ ಆಗುವಾಗ ಕಂಪ್ಯೂಟರಿನಲ್ಲಿ ಯಾವುದು ಬದಲಾಗುತ್ತದೆ, ಯಾವುದು ಬದಲಾಗದೆ ಉಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಾವು ಬ್ರೌಸರು ಎಂದು ಕರೆಯುವುದು ನಿಜವಾಗಿ ಎರಡು ವಸ್ತುಗಳ ಕೂಟ. ಒಂದು, ಪ್ರೋಗ್ರಾಮು. ಇದನ್ನು ತಯಾರಕರು ಕಳುಹಿಸುತ್ತಾರೆ. ಎಲ್ಲರ ಕಂಪ್ಯೂಟರಿನಲ್ಲಿಯೂ ಇದು ಒಂದೇ ತೆರನಾಗಿರುತ್ತದೆ. ಮತ್ತೊಂದು, ಪ್ರೊಫೈಲ್ ಎಂಬ ಕಡತಗಳ ಕೋಶ. ಇದು ನಮ್ಮದು. ಬುಕ್‌ಮಾರ್ಕು, ನೋಡಿದ ಪುಟಗಳ ಚರಿತ್ರೆ, ಪಾಸ್‌ವರ್ಡು, ಕುಕಿ, ನಾವು ಮಾಡಿಕೊಂಡ ಏರ್ಪಾಟುಗಳು, ಸೇರಿಸಿಕೊಂಡ ಎಕ್ಸ್‌ಟೆನ್‌ಷನ್ನುಗಳು ಎಲ್ಲವೂ ಇದರಲ್ಲಿ ಉಂಟು. ಫೈರ್‌ಫಾಕ್ಸಿನಲ್ಲಿ ಬುಕ್‌ಮಾರ್ಕುಗಳೂ ಚರಿತ್ರೆಯೂ ಒಂದು ಕಡತದಲ್ಲಿದ್ದರೆ ಪಾಸ್‌ವರ್ಡುಗಳು ಬೇರೊಂದರಲ್ಲಿರುತ್ತವೆ. ಅವನ್ನು ತೆರೆಯುವ ಗುಪ್ತ ಕೀಲಿ ಮೂರನೆಯದೊಂದರಲ್ಲಿ. ಅಪ್‌ಡೇಟ್ ಆದಾಗ ಬದಲಾಗುವುದು ಪ್ರೋಗ್ರಾಮು; ಪ್ರೊಫೈಲ್ ಇದ್ದಲ್ಲಿಯೇ ಇರುತ್ತದೆ. ಮನೆಯ ಬಾಗಿಲು ಬೀಗಗಳನ್ನೆಲ್ಲ ಹೊಸದು ಮಾಡಿಸಿ, ಒಳಗಿನ ಪೆಟ್ಟಿಗೆ ಪಾತ್ರೆಗಳನ್ನು ಮುಟ್ಟದೆ ಬಿಟ್ಟಂತೆ.

ಪ್ರೋಗ್ರಾಮನ್ನು ತೆಗೆದು ಮತ್ತೆ ಹಾಕಿದರೆ ತೊಂದರೆ ಹೋಗದಿರುವುದಕ್ಕೆ ಇದೇ ಕಾರಣ. ಕೆಟ್ಟಿರುವುದು ಪ್ರೊಫೈಲಿನಲ್ಲಿದ್ದರೆ, ಮರುಸ್ಥಾಪನೆಯಾದ ಪ್ರೋಗ್ರಾಮು ಅದೇ ಹಳೆಯ ಪ್ರೊಫೈಲನ್ನು ಮತ್ತೆ ತೆರೆಯುತ್ತದೆ. ಅಥವಾ ಅದಕ್ಕಿಂತ ಕೆಟ್ಟದ್ದು ಆಗಬಹುದು: ವಿಂಡೋಸಿನಲ್ಲಿ ಕ್ರೋಮನ್ನು ತೆಗೆಯುವಾಗ, ಬಳಕೆಯ ಮಾಹಿತಿಯನ್ನೂ ಅಳಿಸಬೇಕೆ ಎಂದು ಕೇಳುವ ಒಂದು ಚೌಕವಿರುತ್ತದೆ. ಅವಸರದಲ್ಲಿ ಅಲ್ಲಿ ಗುರುತು ಹಾಕಿದವನು, ಬೇರೆಡೆ ನಕಲು ಇಟ್ಟುಕೊಂಡಿರದಿದ್ದರೆ, ತೊಂದರೆಯ ಜೊತೆಗೆ ಪಾಸ್‌ವರ್ಡುಗಳನ್ನೂ ಕಳೆದುಕೊಳ್ಳುತ್ತಾನೆ.

ಪ್ರೊಫೈಲಲ್ಲದೆ ಹೊಸ ಪ್ರೋಗ್ರಾಮು ಹೊಂದಿಕೊಳ್ಳಬೇಕಾದ ಹಳೆಯ ವಸ್ತುಗಳು ಇನ್ನೂ ಹಲವು: ಪರದೆಯ ಮೇಲೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಡ್ರೈವರು, ಒಳಬರುವುದನ್ನೆಲ್ಲ ತಡೆದು ಪರೀಕ್ಷಿಸುವ ಆ್ಯಂಟಿವೈರಸ್, ಎಲ್ಲಕ್ಕಿಂತ ಹೆಚ್ಚಾಗಿ, ದೂರದ ಸರ್ವರುಗಳಲ್ಲಿರುವ ಜಾಲತಾಣಗಳು. ಇವುಗಳಲ್ಲಿ ಎಷ್ಟೋ ತಾಣಗಳು ಹತ್ತು ವರ್ಷಗಳ ಹಿಂದೆ ಬರೆದಿಟ್ಟವು. ಬ್ರೌಸರಾದರೋ ಬಹು ವೇಗವಾಗಿ ಬದಲಾಗುತ್ತದೆ. ಫೈರ್‌ಫಾಕ್ಸ್ 2020ರಲ್ಲಿಯೂ ಕ್ರೋಮ್ 2021ರ ಸೆಪ್ಟೆಂಬರಿನಲ್ಲಿಯೂ ನಾಲ್ಕು ವಾರಗಳಿಗೊಂದು ಹೊಸ ಆವೃತ್ತಿ ಎಂಬ ಕ್ರಮಕ್ಕೆ ಬಂದವು. ಹೊಸ ಪ್ರೋಗ್ರಾಮಿನಲ್ಲಿಯೇ ದೋಷವಿರುವುದೂ ಉಂಟು; ಅಂಥದು ಅನೇಕರಿಗೆ ಒಮ್ಮೆಲೇ ತಗಲುವುದರಿಂದ ತಯಾರಕರೇ ಕೆಲವು ದಿನಗಳಲ್ಲಿ ತಿದ್ದಿ ಕಳುಹಿಸುತ್ತಾರೆ. ಒಬ್ಬನ ಕಂಪ್ಯೂಟರಿನಲ್ಲಿ ಮಾತ್ರ ಕಾಣುವ ತೊಂದರೆಯಾದರೆ, ಹೊಸದೂ ಹಳೆಯದೂ ಕೂಡುವ ಸಂದಿನಲ್ಲಿಯೇ ಅದು ಹುಟ್ಟಿರುವುದು ಹೆಚ್ಚು ಸಂಭವ.

ಸಂದು ಎಂದರೆ ಎಷ್ಟು ಸಣ್ಣದಿರಬಹುದು ಎಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಬ್ರೌಸರು ಪ್ರತಿಯೊಂದು ತಾಣಕ್ಕೂ ತನ್ನ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಹೇಳಿಕೊಳ್ಳುತ್ತದೆ. 2009ರಲ್ಲಿ ಒಪೆರಾ ಎಂಬ ಬ್ರೌಸರು 9ನ್ನು ದಾಟಿ 10ನೆಯ ಆವೃತ್ತಿಗೆ ಬಂತು. ಕೆಲವು ತಾಣಗಳು ಸಂಖ್ಯೆಯ ಮೊದಲ ಅಂಕಿಯನ್ನು ಮಾತ್ರ ಓದುತ್ತಿದ್ದುದರಿಂದ 10ನ್ನು 1 ಎಂದು ತಿಳಿದು, ಇದು ಬಹಳ ಹಳೆಯ ಬ್ರೌಸರು ಎಂದು ಬಾಗಿಲು ಮುಚ್ಚಿದವು! ಕೊನೆಗೆ ಒಪೆರಾ ತನ್ನನ್ನು 9.80 ಎಂದೇ ಹೇಳಿಕೊಂಡು, ನಿಜವಾದ 10ನ್ನು ಅದೇ ಸಾಲಿನ ಕೊನೆಯಲ್ಲಿ ಸೇರಿಸಬೇಕಾಯಿತು. 2022ರಲ್ಲಿ ಕ್ರೋಮ್ ಮಾರ್ಚಿಯಲ್ಲಿ, ಫೈರ್‌ಫಾಕ್ಸ್ ಮೇ ತಿಂಗಳಲ್ಲಿ, 100ನೆಯ ಆವೃತ್ತಿಯನ್ನು ಮುಟ್ಟುವುದಿದ್ದಿತು. ಎರಡಂಕಿಗೆ ಒಗ್ಗಿದ ತಾಣಗಳು 100ನ್ನು 10 ಎಂದು ಓದಿದರೆ ಗತಿಯೇನು? ಎರಡೂ ಸಂಸ್ಥೆಗಳು ತಿಂಗಳುಗಟ್ಟಲೆ ಮೊದಲೇ ಪ್ರಯೋಗ ನಡೆಸಿ, ಅಗತ್ಯವಾದರೆ 99 ಎಂದೇ ಹೇಳಿಕೊಳ್ಳುವ ಉಪಾಯವನ್ನೂ ಸಿದ್ಧಪಡಿಸಿಟ್ಟುಕೊಂಡಿದ್ದವು.

ಲಾಗಿನ್ ನಿಲ್ಲದೆ ಹೋಗುವುದರ ಹಿಂದೆ ಬಹುಮಟ್ಟಿಗೆ ಕುಕಿಯ ಕಥೆಯಿರುತ್ತದೆ. ಕುಕಿಯೆಂದರೆ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟವರಿಗೆ ಕೊಡುವ ಬಿಲ್ಲೆಯಂತಹುದು. ತಾಣ ಅದನ್ನು ಕೊಡುತ್ತದೆ. ಬ್ರೌಸರು ಪ್ರತಿ ಸಲ ಹೋದಾಗಲೂ ಅದನ್ನು ತೋರಿಸುತ್ತದೆ. ಬಿಲ್ಲೆ ನೋಡಿ ತಾಣವು ನಮ್ಮ ಗುರುತು ಹಿಡಿಯುತ್ತದೆ. ಹಿಂದೆ, ಮೂರನೆಯ ತಾಣವೊಂದರ ಪುಟದಿಂದ ನಮ್ಮ ಬ್ಯಾಂಕಿಗೆ ಕೋರಿಕೆ ಹೋದರೂ ಬ್ರೌಸರು ಬ್ಯಾಂಕಿನ ಬಿಲ್ಲೆಯನ್ನು ಜೊತೆಗೆ ಕಳುಹಿಸುತ್ತಿದ್ದಿತು. ನಮಗೆ ತಿಳಿಯದಂತೆ ನಮ್ಮ ಹೆಸರಿನಲ್ಲಿ ಕೋರಿಕೆ ಹೂಡುವ ವಂಚಕರಿಗೆ ಇದು ತೆರೆದ ದಾರಿ. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮಿನ 80ನೆಯ ಆವೃತ್ತಿ ಈ ದಾರಿಯನ್ನು ಮುಚ್ಚತೊಡಗಿತು: ತಾಣವು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟಿದ್ದ ಹೊರತು, ಬೇರೆ ತಾಣದಿಂದ ಬಂದ ಇಂತಹ ಕೋರಿಕೆಗಳ ಜೊತೆಗೆ ಬಿಲ್ಲೆ ಹೋಗದು. ನಿಯಮವೇನೋ ಒಳ್ಳೆಯದೇ. ಆದರೆ ಒಂದು ತಾಣದಿಂದ ಇನ್ನೊಂದರ ಮೂಲಕ ಲಾಗಿನ್ ಮಾಡಿಸುವ, ಅಥವಾ ಹಣ ಪಾವತಿಗೆ ಬೇರೆ ತಾಣಕ್ಕೆ ಕಳುಹಿಸಿ ಮರಳಿ ಕರೆದುಕೊಳ್ಳುವ ಹಳೆಯ ವ್ಯವಸ್ಥೆಗಳು ಈ ಒಪ್ಪಿಗೆಯನ್ನು ಬರೆದಿಟ್ಟುಕೊಂಡಿರಲಿಲ್ಲ. ಕೊರೋನಾ ಹಬ್ಬಿದ ಆ ದಿನಗಳಲ್ಲಿ ಅಗತ್ಯ ಸೇವೆಗಳಿಗೆ ತಡೆಯಾಗಬಾರದೆಂದು ಗೂಗಲ್ ಸಂಸ್ಥೆ ಏಪ್ರಿಲಿನಲ್ಲಿ ನಿಯಮವನ್ನು ಹಿಂತೆಗೆದುಕೊಂಡು, ಜುಲೈಯಲ್ಲಿ ಮತ್ತೆ ಜಾರಿಗೆ ತಂದಿತು.

ಫೈರ್‌ಫಾಕ್ಸಿನಲ್ಲಿಯೂ ಅದೇ ವಸಂತದಲ್ಲಿ ಇದೇ ರೀತಿ ನಡೆಯಿತು. ತಾಣದೊಡನೆ ಗುಟ್ಟಾಗಿ ಮಾತನಾಡುವ ವಿಧಾನಗಳಲ್ಲಿ 1999ರ ಮತ್ತು 2006ರ ಎರಡು ಹಳೆಯ ಕ್ರಮಗಳನ್ನು 2020ರ ಮಾರ್ಚಿಯ 74ನೆಯ ಆವೃತ್ತಿ ಕೈಬಿಟ್ಟಿತು. ಸೋಂಕಿನ ಬಗ್ಗೆ ಮಾಹಿತಿ ಕೊಡುತ್ತಿದ್ದ ಕೆಲವು ಸರಕಾರಿ ತಾಣಗಳು ಇನ್ನೂ ಆ ಕ್ರಮಗಳನ್ನೇ ನಂಬಿದ್ದುದರಿಂದ ಮತ್ತೆ ಅವಕಾಶ ಕೊಡಬೇಕಾಯಿತು. ಜೂನಿನ ಕೊನೆಯಲ್ಲಿ ಅವು ನಿಂತೇಹೋದವು. ಇಂತಹ ಸಂದರ್ಭದಲ್ಲಿ ನಮ್ಮ ಕಂಪ್ಯೂಟರನ್ನು ಎಷ್ಟು ತಿದ್ದಿದರೂ ಫಲವಿಲ್ಲ, ತಿದ್ದಬೇಕಾದುದು ತಾಣದವರು.

ಇನ್ನು ಎಕ್ಸ್‌ಟೆನ್‌ಷನ್ನುಗಳು. ಇವು ಬ್ರೌಸರಿಗೆ ಹೊರಗಿನವರು ಬರೆದು ಸೇರಿಸುವ ಉಪಪ್ರೋಗ್ರಾಮುಗಳು. ಫೈರ್‌ಫಾಕ್ಸಿನಲ್ಲಿ ಮೊದಲು ಇವು ಬ್ರೌಸರಿನ ಯಾವ ಒಳಭಾಗಕ್ಕಾದರೂ ಕೈಹಾಕಬಹುದಾಗಿತ್ತು. ಅದರಿಂದ ಶಕ್ತಿಯೂ ಹೆಚ್ಚು, ಅಪಾಯವೂ ಹೆಚ್ಚು. ಒಳಭಾಗವನ್ನು ಸ್ವಲ್ಪ ಬದಲಿಸಿದರೂ ಯಾವುದೋ ಎಕ್ಸ್‌ಟೆನ್‌ಷನ್ ಮುರಿಯುತ್ತಿದ್ದಿತು. 2017ರ ನವೆಂಬರ್ 14ರಂದು ಬಂದ 57ನೆಯ ಆವೃತ್ತಿ ಆ ಹಳೆಯ ಪದ್ಧತಿಯನ್ನು ಒಮ್ಮೆಗೇ ನಿಲ್ಲಿಸಿ, ಗೊತ್ತುಪಡಿಸಿದ ದಾರಿಯಿಂದ ಮಾತ್ರ ಒಳಗೆ ಬರತಕ್ಕದ್ದೆಂದು ವಿಧಿಸಿತು. ಹೊಸ ಪದ್ಧತಿಗೆ ಬದಲಾಗದ ಎಕ್ಸ್‌ಟೆನ್‌ಷನ್ನುಗಳೆಲ್ಲ ಅಂದು ನಿಂತವು.

ಸಂದುಗಳು ಇಷ್ಟೊಂದಿರುವಾಗ ನಮ್ಮ ತೊಂದರೆ ಯಾವುದರಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ನಡೆಯುವಂತೆಯೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಉಳಿದುದನ್ನು ಇದ್ದಂತೆ ಬಿಟ್ಟು, ಫಲವನ್ನು ನೋಡಬೇಕು. ಹತ್ತು ಏರ್ಪಾಟುಗಳನ್ನು ಒಟ್ಟಿಗೆ ಬದಲಿಸಿದಾಗ ತೊಂದರೆ ಹೋದರೂ, ಹೋದದ್ದು ಯಾವುದರಿಂದ ಎಂಬುದು ತಿಳಿಯುವುದಿಲ್ಲ.

ಮೊದಲು ಅದೇ ಪುಟವನ್ನು ಬೇರೊಂದು ಬ್ರೌಸರಿನಲ್ಲಿ ತೆರೆದು ನೋಡಬೇಕು. ಅಲ್ಲಿಯೂ ಕೆಟ್ಟಿದ್ದರೆ ಅಪ್‌ಡೇಟನ್ನು ಶಂಕಿಸಬೇಕಾಗಿಲ್ಲ. ತಾಣವನ್ನೋ ಇಂಟರ್‌ನೆಟ್ ಸಂಪರ್ಕವನ್ನೋ ಕಂಪ್ಯೂಟರಿನ ಗಡಿಯಾರವನ್ನೋ ನೋಡಬೇಕು. (ಗಡಿಯಾರ ತಪ್ಪಿದ್ದರೆ ತಾಣಗಳ ಪ್ರಮಾಣಪತ್ರಗಳ ಅವಧಿ ಮುಗಿದಂತೆ ಕಾಣುತ್ತದೆ.) ಅಲ್ಲಿ ಸರಿಯಾಗಿದ್ದರೆ, ನಮ್ಮ ಬ್ರೌಸರಿನಲ್ಲಿ ಕಂಟ್ರೋಲ್, ಷಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಉಳಿತಾಯಕ್ಕೆಂದು ಬ್ರೌಸರು ಕೂಡಿಟ್ಟ ಹಳೆಯ ತುಣುಕುಗಳನ್ನು ಬಿಟ್ಟು ಪುಟ ಪೂರ್ತಿಯಾಗಿ ಹೊಸದಾಗಿ ಬರುತ್ತದೆ. ಆಮೇಲೆ ಪ್ರೈವೇಟ್ ಕಿಟಕಿ. ಅದರಲ್ಲಿ ಹಳೆಯ ಕುಕಿಗಳಿರುವುದಿಲ್ಲ. ನಾವು ಅನುಮತಿ ಕೊಟ್ಟಿದ್ದ ಹೊರತು ಎಕ್ಸ್‌ಟೆನ್‌ಷನ್ನುಗಳೂ ಕೆಲಸ ಮಾಡುವುದಿಲ್ಲ. ಅಲ್ಲಿ ಪುಟ ಸರಿಹೋದರೆ ಒಳ್ಳೆಯ ಸುಳಿವು ಸಿಕ್ಕಿತು. ಆದರೆ ಸುಳಿವು ಮಾತ್ರ. ಎರಡು ವಸ್ತುಗಳು ಒಟ್ಟಿಗೆ ಬದಲಾಗಿವೆಯಲ್ಲವೆ? ಎರಡನ್ನು ಬೇರ್ಪಡಿಸಲು, ಮಾಮೂಲು ಕಿಟಕಿಯಲ್ಲಿ ಆ ಒಂದು ತಾಣದ ಕುಕಿಗಳನ್ನು ಮಾತ್ರ ಅಳಿಸಿ ನೋಡಬೇಕು. ಎಲ್ಲ ತಾಣಗಳ ಕುಕಿಗಳನ್ನೂ ಅಳಿಸಿದರೆ ಎಲ್ಲ ಕಡೆಯೂ ಮತ್ತೆ ಲಾಗಿನ್ ಆಗಬೇಕಾದೀತು.

ತಪ್ಪು ಎಕ್ಸ್‌ಟೆನ್‌ಷನ್ನಿನದೆಂದು ತೋರಿದರೆ ಒಂದೊಂದನ್ನಾಗಿ ನಿಲ್ಲಿಸಿ ಪರೀಕ್ಷಿಸುತ್ತ ಕೂರಬೇಕಾಗಿಲ್ಲ. ಹದಿನಾರಿದ್ದರೆ ಎಂಟನ್ನು ನಿಲ್ಲಿಸಿ. ತೊಂದರೆ ಹೋಯಿತೆ? ಹಾಗಾದರೆ ಅಪರಾಧಿ ಆ ಎಂಟರಲ್ಲಿದೆ. ಇಲ್ಲವಾದರೆ ಉಳಿದ ಎಂಟರಲ್ಲಿ. ಹೀಗೆ ಅರ್ಧರ್ಧವಾಗಿ ಇಳಿದರೆ ನಾಲ್ಕೇ ಪರೀಕ್ಷೆಗಳಲ್ಲಿ ಒಂದು ಉಳಿಯುತ್ತದೆ. ಸಾವಿರವಿದ್ದರೂ ಹತ್ತು ಪರೀಕ್ಷೆಗಳು ಸಾಕು. ಪ್ರೋಗ್ರಾಮು ಬರೆಯುವವರು, ತಾವು ಮಾಡಿದ ಸಾವಿರಾರು ತಿದ್ದುಪಡಿಗಳಲ್ಲಿ ದೋಷ ಹೊಕ್ಕದ್ದು ಯಾವುದರೊಡನೆ ಎಂದು ಹುಡುಕುವುದೂ ಇದೇ ಲೆಕ್ಕದಿಂದ.

ಫೈರ್‌ಫಾಕ್ಸಿನ ಸಹಾಯದ ಮೆನುವಿನಲ್ಲಿ ‘ಟ್ರಬಲ್‌ಷೂಟ್ ಮೋಡ್’ ಎಂಬುದಿದೆ. 2021ರವರೆಗೆ ಇದರ ಹೆಸರು ‘ಸೇಫ್ ಮೋಡ್’. ಇದು ಎಕ್ಸ್‌ಟೆನ್‌ಷನ್ನುಗಳನ್ನಲ್ಲದೆ ಗ್ರಾಫಿಕ್ಸ್ ಯಂತ್ರದ ನೆರವನ್ನೂ ಆ ಒಂದು ಸಲಕ್ಕೆ ನಿಲ್ಲಿಸುತ್ತದೆ. ಕಿಟಕಿ ಕಪ್ಪಾಗುವುದು, ಮಿನುಗುವುದು, ಅಕ್ಷರಗಳು ಒಡೆಯುವುದು ಇದರಿಂದ ಹೋದರೆ ಡ್ರೈವರನ್ನು ಹೊಸದು ಮಾಡಬೇಕು. ಕ್ರೋಮಿನಲ್ಲಿ ಇಂತಹ ಮೋಡ್ ಇಲ್ಲ. ಆದರೆ ಗ್ರಾಫಿಕ್ಸ್ ನೆರವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಇಷ್ಟಾದರೂ ಸರಿಹೋಗದಿದ್ದರೆ ಎರಡು ಬ್ರೌಸರುಗಳಲ್ಲಿಯೂ ಒಂದು ಹೊಸ, ಬರಿದಾದ ಪ್ರೊಫೈಲನ್ನು ಹಳೆಯದರ ಪಕ್ಕದಲ್ಲಿಯೇ ಮಾಡಿ ನೋಡಬಹುದು. ಹಳೆಯದಕ್ಕೆ ಇದರಿಂದ ಏನೂ ಆಗುವುದಿಲ್ಲ. ಹೊಸದರಲ್ಲಿ ಎಲ್ಲವೂ ಸರಿಯಾಗಿದ್ದರೆ ಪ್ರೋಗ್ರಾಮು ನಿರ್ದೋಷಿ. ರೋಗವಿರುವುದು ಹಳೆಯ ಪ್ರೊಫೈಲಿನಲ್ಲಿ.

ಅಪ್‌ಡೇಟ್ ಆದ ಮೇಲೆ ಬಂದ ತೊಂದರೆಯೆಲ್ಲ ಅಪ್‌ಡೇಟಿನಿಂದಲೇ ಬಂದುದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2022ರ ಜನವರಿ 11ರಂದು ಫೈರ್‌ಫಾಕ್ಸಿನ 96ನೆಯ ಆವೃತ್ತಿ ಹೊರಬಂತು. 13ರಂದು ಜಗತ್ತಿನ ನಾನಾ ಕಡೆ ಫೈರ್‌ಫಾಕ್ಸ್ ಯಾವ ಪುಟವನ್ನೂ ತೆರೆಯದೆ ನಿಂತುಹೋಯಿತು. ಹೊಸ ಆವೃತ್ತಿಯನ್ನು ಶಂಕಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ? ಆದರೆ ಅಪ್‌ಡೇಟ್ ಮಾಡಿಕೊಳ್ಳದವರ ಬ್ರೌಸರುಗಳೂ ನಿಂತಿದ್ದವು! ಬದಲಾದದ್ದು ಬೇರೆ: ಮೊಜಿಲ್ಲಾ ಬಳಸುತ್ತಿದ್ದ ಕ್ಲೌಡ್ ಸರ್ವರುಗಳು ಅಂದು ಹೊಸ ಸಂಪರ್ಕ ವಿಧಾನವೊಂದನ್ನು ತೆರೆದಿದ್ದವು. ಆ ವಿಧಾನಕ್ಕೆಂದು ಬ್ರೌಸರಿನಲ್ಲಿ ಮೊದಲೇ ಬರೆದಿದ್ದ ಭಾಗದಲ್ಲಿ ಒಂದು ದೋಷ ಅಡಗಿತ್ತು: ಸಂದೇಶದ ಉದ್ದವನ್ನು ತಿಳಿಸುವ ಇಂಗ್ಲಿಷ್ ಪದ ದೊಡ್ಡ ಅಕ್ಷರದಲ್ಲಿ ಆರಂಭವಾಗಬೇಕೆಂದು ಅದು ಎಣಿಸಿತ್ತು, ಬಂದದ್ದು ಚಿಕ್ಕ ಅಕ್ಷರದಲ್ಲಿ. (ನಮ್ಮ ಲಿಪಿಯಲ್ಲಿ ಈ ತೊಡಕೇ ಇಲ್ಲ.) ಪದ ಸಿಕ್ಕದೆ ಪ್ರೋಗ್ರಾಮು ಒಂದೇ ಸುತ್ತಿನಲ್ಲಿ ಕೊನೆಯಿಲ್ಲದೆ ತಿರುಗತೊಡಗಿತು. ಎಲ್ಲ ಸಂಪರ್ಕಗಳೂ ಒಂದೇ ಎಳೆಯಲ್ಲಿ ನಡೆಯುತ್ತಿದ್ದುದರಿಂದ ಎಲ್ಲವೂ ನಿಂತವು.

ಹಾಗಾದರೆ ಹಳೆಯ ಆವೃತ್ತಿಯಲ್ಲಿಯೇ ನೆಮ್ಮದಿಯಾಗಿರಬಾರದೇಕೆ? ಹೊಸ ಆವೃತ್ತಿಯಲ್ಲಿ ಭದ್ರತೆಯ ರಂಧ್ರವೊಂದನ್ನು ಮುಚ್ಚಿದಾಗ, ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಿದ ಜಾಣನಿಗೆ ರಂಧ್ರ ಎಲ್ಲಿತ್ತೆಂಬುದು ಗೊತ್ತಾಗಿಬಿಡುತ್ತದೆ. ಹಳೆಯದರಲ್ಲಿ ಉಳಿದವನು ಅಂದಿನಿಂದ ಮೊದಲಿಗಿಂತಲೂ ಹೆಚ್ಚು ಅಪಾಯದಲ್ಲಿರುತ್ತಾನೆ. ಹಳೆಯದು ಇದ್ದಂತೆ ಇರುತ್ತದೆಂಬುದೂ ಭ್ರಮೆ. 2025ರ ಮಾರ್ಚ್ 14ರಂದು ಫೈರ್‌ಫಾಕ್ಸಿನ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿಯಿತು. 128ಕ್ಕಿಂತ ಹಿಂದಿನ ಸಾಮಾನ್ಯ ಆವೃತ್ತಿಗಳಲ್ಲಿ ಎಕ್ಸ್‌ಟೆನ್‌ಷನ್ನುಗಳು ನಿಂತುಹೋಗಬಹುದೆಂದು ಮೊಜಿಲ್ಲಾ ಮೊದಲೇ ಎಚ್ಚರಿಸಿತ್ತು. ಹಿಂದಕ್ಕೆ ಹೋಗುವ ದಾರಿಯೂ ಸುಗಮವಲ್ಲ. ಹೊಸ ಪ್ರೋಗ್ರಾಮು ಪ್ರೊಫೈಲಿನ ಕಡತಗಳನ್ನು ತನ್ನ ರೀತಿಗೆ ತಿರುಗಿಸಿ ಬರೆದಿರಬಹುದು. ಹಳೆಯ ಪ್ರೋಗ್ರಾಮಿಗೆ ಅದು ಓದಲು ಬಾರದು. 2019ರ ಮೇ ತಿಂಗಳ 67ನೆಯ ಆವೃತ್ತಿಯಿಂದ ಫೈರ್‌ಫಾಕ್ಸ್ ಇದನ್ನು ಗುರುತಿಸಿ, ಹಳೆಯ ಆವೃತ್ತಿಗೆ ಹೊಸ ಪ್ರೊಫೈಲ್ ಮಾಡಿಕೊಳ್ಳುವಂತೆ ಹೇಳುತ್ತದೆ.

ಅದೇ ಆವೃತ್ತಿಯಿಂದ, ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಕಡೆ ಸ್ಥಾಪಿಸಿದ ಫೈರ್‌ಫಾಕ್ಸುಗಳಿಗೆ ಬೇರೆ ಬೇರೆ ಪ್ರೊಫೈಲುಗಳು. ಬುಕ್‌ಮಾರ್ಕುಗಳು ಹೋದವೆಂದು ಗಾಬರಿಪಡುವವರಲ್ಲಿ ಕೆಲವರ ಸಂಗತಿ ಇಷ್ಟೇ: ಬ್ರೌಸರು ಬರಿದಾದ ಇನ್ನೊಂದು ಪ್ರೊಫೈಲಿನಲ್ಲಿ ತೆರೆದಿರುತ್ತದೆ, ಹಳೆಯದು ಡಿಸ್ಕಿನಲ್ಲಿ ಸುರಕ್ಷಿತವಾಗಿರುತ್ತದೆ. ಪ್ರೊಫೈಲುಗಳ ಪಟ್ಟಿಯನ್ನು ತೆರೆದು ಅದನ್ನು ಆರಿಸಿಕೊಂಡರಾಯಿತು. ಪ್ರೊಫೈಲೇ ಕೆಟ್ಟಿದೆಯೆಂದು ಪರೀಕ್ಷೆಗಳಿಂದ ಖಚಿತವಾದಾಗ ಫೈರ್‌ಫಾಕ್ಸಿನ ‘ರಿಫ್ರೆಷ್’ ಎಂಬ ಗುಂಡಿಯನ್ನು ಒತ್ತಬಹುದು. ಅದು ಹೊಸ ಪ್ರೊಫೈಲ್ ಮಾಡಿ, ಬುಕ್‌ಮಾರ್ಕು, ಚರಿತ್ರೆ, ಪಾಸ್‌ವರ್ಡು, ಕುಕಿಗಳನ್ನು ಅದಕ್ಕೆ ಸಾಗಿಸುತ್ತದೆ. ಎಕ್ಸ್‌ಟೆನ್‌ಷನ್ನುಗಳನ್ನೂ ಬದಲಿಸಿದ ಏರ್ಪಾಟುಗಳನ್ನೂ ಬಿಡುತ್ತದೆ. ಹಳೆಯ ಪ್ರೊಫೈಲನ್ನು ಡೆಸ್ಕ್‌ಟಾಪಿನ ಮೇಲೆ ಒಂದು ಕೋಶದಲ್ಲಿ ಇಟ್ಟಿರುತ್ತದೆ. ಬೇಕಾದುದೆಲ್ಲ ಹೊಸದಕ್ಕೆ ಬಂದಿದೆಯೆಂದು ನೋಡಿಕೊಳ್ಳುವವರೆಗೆ ಆ ಕೋಶವನ್ನು ಅಳಿಸತಕ್ಕದ್ದಲ್ಲ.