ಉಕ್ಕುವ ನೀರಿನ ಹೆಸರು

ಥಾಣೆಗೂ ನವಿ ಮುಂಬಯಿಗೂ ನಡುವೆ ಚಾಚಿಕೊಂಡಿರುವ ಥಾಣೆ ಖಾಡಿಯನ್ನೂ, ಕಲ್ಯಾಣ ಡೊಂಬಿವಲಿಗಳ ಮಗ್ಗುಲಲ್ಲಿ ಹರಿದು ವಸಈ ಖಾಡಿಯಾಗಿ ಅರಬ್ಬೀ ಸಮುದ್ರ ಸೇರುವ ಉಲ್ಹಾಸ ನದಿಯ ಕೊನೆಯ ಭಾಗವನ್ನೂ ವಿಜ್ಞಾನದ ಬರಹಗಳು ‘ಎಸ್ಚುಅರಿ’ ಎಂಬ ಒಂದೇ ಇಂಗ್ಲಿಷ್ ಪದದಿಂದ ಗುರುತಿಸುತ್ತವೆ. ಕನ್ನಡದಲ್ಲಿ ಇದಕ್ಕೆ ಸಲ್ಲುವ ‘ಅಳಿವೆ’ ಎಂಬ ಮಾತು ನದಿ ಕಡಲನ್ನು ಕೂಡುವ ಬಾಯನ್ನು ಸೂಚಿಸುತ್ತದೆ. ಇಂಗ್ಲಿಷ್ ಪದದ ಬೇರಿನಲ್ಲಾದರೋ ನದಿಯ ಸುಳಿವೇ ಇಲ್ಲ.

ಆ ಪದದ ಮೂಲ ಲ್ಯಾಟಿನ್ನಿನ ‘ಐಸ್ಟುಆರಿಯಂ’. ಅದರ ಕೊನೆಯ ‘ಆರಿಯಂ’ ತಾಣವನ್ನು ಹೇಳುವ ಪ್ರತ್ಯಯವಾಗಿದ್ದು, ಎಲ್ಲರೂ ಬಲ್ಲ ಅಕ್ವೇರಿಯಂನಲ್ಲಿ ಇರುವುದೂ ಅದೇ. ಮೊದಲಿನ ‘ಐಸ್ಟುಸ್’ಗೆ ಬೇಗೆ, ಕುದಿತ, ಕಡಲಿನ ಉಬ್ಬರ ಎಂಬ ಅರ್ಥಗಳಿವೆ. ಬೆಂಕಿಗೂ ಕಡಲಿಗೂ ಏನು ನಂಟು ಎಂಬ ಸಂದೇಹಕ್ಕೆ ಕನ್ನಡವೇ ಸಮಾಧಾನ ಹೇಳುತ್ತದೆ: ಒಲೆಯ ಮೇಲಿನ ಹಾಲೂ ಉಕ್ಕುತ್ತದೆ, ಕಡಲೂ ಉಕ್ಕುತ್ತದೆ. ಉರಿಯುವುದು ಎಂಬರ್ಥದ ಇದೇ ಪ್ರಾಚೀನ ಧಾತುವಿನಿಂದ ಸಂಸ್ಕೃತದ ‘ಇಂಧನ’ವೂ ಹುಟ್ಟಿರುವುದರಿಂದ, ಕನ್ನಡಿಗರು ದಿನವೂ ಆಡುವ ಮಾತೊಂದು ಈ ಪದಕ್ಕೆ ದೂರದ ದಾಯಾದಿಯಾಗಿದೆ.

ಉಬ್ಬರಕ್ಕೆ ಹೀಗೆ ಪದವಿದ್ದರೂ, ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರ ಇಳಿತಗಳು ತೀರ ಅಲ್ಪವಾದುದರಿಂದ ರೋಮನ್ನರಿಗೆ ಅಟ್ಲಾಂಟಿಕ್ ತೀರದ ಉಬ್ಬರ ಅಪರಿಚಿತವಾಗಿತ್ತು; ಹಾಗಾಗಿಯೇ ಕ್ರಿ.ಪೂ. 55ರಲ್ಲಿ ಬ್ರಿಟನ್ನಿನ ದಡದಲ್ಲಿದ್ದ ಜೂಲಿಯಸ್ ಸೀಸರನ ಹಡಗುಗಳು ಹುಣ್ಣಿಮೆಯ ಉಬ್ಬರಕ್ಕೂ ಬಿರುಗಾಳಿಗೂ ಸಿಕ್ಕಿ ಹಾನಿಗೊಂಡವು.

ಆಧುನಿಕ ವಿಜ್ಞಾನದಲ್ಲಿ ಒತ್ತು ಉಬ್ಬರದಿಂದ ಬೇರೆಡೆಗೆ ಸರಿದಿದೆ. ಸಮುದ್ರವಿಜ್ಞಾನಿ ಡೊನಾಲ್ಡ್ ಪ್ರಿಚರ್ಡ್ 1967ರಲ್ಲಿ ಕೊಟ್ಟ ಪ್ರಸಿದ್ಧ ವ್ಯಾಖ್ಯೆಯ ಪ್ರಕಾರ, ಎಸ್ಚುಅರಿ ಎನಿಸಲು ಅರೆಮುಚ್ಚಿದ ಕರಾವಳಿಯ ಜಲಪ್ರದೇಶವು ಕಡಲಿಗೆ ತೆರೆದುಕೊಂಡಿದ್ದು, ಅಲ್ಲಿನ ಉಪ್ಪುನೀರು ನೆಲದಿಂದ ಬಂದ ಸಿಹಿನೀರು ಬೆರೆತು ಅಳೆಯಬಹುದಾದಷ್ಟು ತೆಳುವಾಗಿರಬೇಕು. ಆದರೆ ಮಳೆಗಾಲ ಕಳೆದ ಮೇಲೆ ಥಾಣೆ ಖಾಡಿಗೆ ಬರುವ ಸಿಹಿನೀರು ಬಹಳ ಕಡಿಮೆ. ಆಗ ಅಲ್ಲಿ ನಡೆಯುವುದು ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಮರಳುವ ಉಬ್ಬರದ ಆಳ್ವಿಕೆಯೇ ಆದುದರಿಂದ, ಈ ಖಾಡಿಗೆ ಹೊಸ ವ್ಯಾಖ್ಯೆಗಿಂತ ಹಳೆಯ ಲ್ಯಾಟಿನ್ ಅರ್ಥವೇ ಹೆಚ್ಚು ಒಪ್ಪುತ್ತದೆ.

2015ರಲ್ಲಿ ಅಭಯಾರಣ್ಯವಾಗಿ ಘೋಷಿತವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಸಾಲಿಗೆ ಸೇರಿದ ಈ ಖಾಡಿಯಲ್ಲಿ ರಾಜಹಂಸಗಳ ದಿನಚರಿಯನ್ನು ನಿರ್ಧರಿಸುವುದೂ ಉಬ್ಬರವೇ. ನೀರಿಳಿದಾಗ ಅವು ಬಯಲಾದ ಕೆಸರಿನಲ್ಲಿ ಮೇಯುತ್ತವೆ. ನೀರೇರಿದಾಗ ನವಿ ಮುಂಬಯಿಯ ಸೀವುಡ್ಸ್ ಸುತ್ತಲಿನ ಕೆರೆಗಳಿಗೆ ಹಾರಿ ಇಳಿತಕ್ಕಾಗಿ ಕಾಯುತ್ತವೆ. ಆ ಕೆರೆಗಳಿಗೆ ನೀರುಣಿಸುವುದೂ ಖಾಡಿಯ ಉಬ್ಬರವೇ ಆಗಿದ್ದು, ಅದು ಒಳನುಗ್ಗುವ ಕಾಲುವೆ ಮುಚ್ಚಿಹೋದರೆ ಹಕ್ಕಿಗಳಿಗೆ ಅಲ್ಲಿ ಉಳಿಯುವುದು ಒಣಗಿದ ನೆಲ.